ಕೈಗಡ ತಂದ ಅಕ್ಷರ

ಕೈ ಕೊಡುವುದು ಎಂಬ ಮಾತಿಗೆ ಗದಗಿನಲ್ಲಿ ಇನ್ನೊಂದು ಅರ್ಥ ಬಂದು ಬಹಳ ವರ್ಷವಾಯಿತು. ಬೇರೆ ಊರಿನಲ್ಲಿ ಯಾರಾದರೂ ಕೈ ಕೊಟ್ಟರೆಂದರೆ ನಂಬಿಸಿ ನಡುನೀರಿನಲ್ಲಿ ಬಿಟ್ಟರೆಂದೇ ಲೆಕ್ಕ. ಗದಗಿನಲ್ಲಿ ಹಾಗೆಂದರೆ, ಪಾಟಿಯ ಆಫೀಸಿಗೆ ಹೋಗಿ, ಗಾಜಿನ ಮೇಲೆ ಒಂದು ಪುಟ ಬರೆದು, ತಮ್ಮ ಅಕ್ಷರವನ್ನು ಯಂತ್ರಕ್ಕೆ ಒಪ್ಪಿಸಿ ಬಂದರು ಎಂದರ್ಥ. "ಮೊನ್ನೆ ಇಬ್ಬರೂ ಕೂಡಿ ಹೋಗಿ ಕೈ ಕೊಟ್ಟು ಬಂದ್ವಿ ನೋಡ್ರಿ" ಎಂದು ಹೊಸದಾಗಿ ಮದುವೆಯಾದವರು ಹೇಳಿಕೊಂಡರೆ ಪರವೂರಿನ ನೆಂಟರು ಗಾಬರಿಯಾಗುವುದುಂಟು.

ಪಾಟಿ ಎಂದರೆ ಆ ಕಡೆಯವರ ಬಾಯಲ್ಲಿ ಸ್ಲೇಟು. ಈ ಪಾಟಿ ಮಾತ್ರ ಕಂಪ್ಯೂಟರಿನಲ್ಲಿ ಬರೆಯಲಿಕ್ಕಿರುವ ಒಂದು ಸಾಫ್ಟ್‌ವೇರು. ತೆರೆದರೆ ಬರಿ ಬಿಳಿಯ ಪುಟ, ಅಷ್ಟೆ. ಗುಂಡಿಗಳ ಸಾಲಿಲ್ಲ, ಬಣ್ಣಗಳಿಲ್ಲ, ಮೂಲೆಯಿಂದ ಇಣುಕಿ ಬುದ್ಧಿ ಹೇಳುವ ಬೊಂಬೆಯಿಲ್ಲ. ಬಸಲಿಂಗಪ್ಪ ಗೋನಾಳ ಎಂಬ ಮಾಸ್ತರರು ಹಳೆಯ ಅಚ್ಚುಕೂಟವೊಂದರ ಮಾಳಿಗೆಯ ಮೇಲೆ ಕೂತು ಅದನ್ನು ಕಟ್ಟುವ ಹೊತ್ತಿಗೆ ಶಾಲೆಗಳಿಂದ ಕಾಗದ ಹೋಗಿಬಿಟ್ಟಿತ್ತು. ಮಕ್ಕಳು ಗಾಜಿನ ಹಲಗೆಯ ಮೇಲೆ ಬರೆದು, ಒರೆಸಿ, ಬರಿಗೈಯಲ್ಲಿ ಮನೆಗೆ ಬರುತ್ತಿದ್ದರು. ದೊಡ್ಡವರಂತೂ ಸಹಿಯನ್ನೂ ಬಿಟ್ಟು ಮತ್ತೆ ಹೆಬ್ಬೆಟ್ಟಿಗೆ ಇಳಿದಿದ್ದರು. ಅಂಥ ಕಾಲದಲ್ಲಿ, ಕೀಲಿ ಒತ್ತಿದರೆ ಸಾಕು, ಅಕ್ಷರ ನಿಮ್ಮದೇ ಕೈಬರಹದಲ್ಲಿ ಮೂಡುತ್ತದೆ ಎಂದರೆ ಜನ ಬಿಟ್ಟಾರೆಯೇ? ಅದೂ ಅಚ್ಚಿನ ಹಾಗೆ ತಟ್ಟನೆ ಬಂದು ಕೂರುತ್ತಿರಲಿಲ್ಲ. ಪಾಟಿ ಅಕ್ಷರದ ಆಕಾರವನ್ನಷ್ಟೇ ಅಲ್ಲ, ಅದನ್ನು ಬರೆದ ಕೈಯ ನಡೆಯನ್ನೂ ಹಿಡಿದಿಡುತ್ತಿತ್ತು. ಎಲ್ಲಿ ಅವಸರ, ಎಲ್ಲಿ ಒತ್ತು, ಎಲ್ಲಿ ಅನುಮಾನ, ಎಲ್ಲವೂ ತೆರೆಯ ಮೇಲೆ ಮತ್ತೊಮ್ಮೆ ನಡೆದು ತೋರುತ್ತಿತ್ತು.

ತೊಡಕು ಇದ್ದದ್ದು ಒಂದೇ. ಎಲ್ಲ ಅಕ್ಷರವನ್ನೂ ಯಾರೂ ಬರೆದುಕೊಡುವುದಿಲ್ಲ. ಒಂದು ಪುಟದಲ್ಲಿ ದಿನಬಳಕೆಯ ಮಾತುಗಳು ಬರುತ್ತವೆ, ಝ ಬರುವುದಿಲ್ಲ, ಠ ಬರುವುದಿಲ್ಲ. ಅದರ ಮೇಲೆ ಗದಗಿನವರು ಒಂದೇ ಸಾಲಿನಲ್ಲಿ ಮೂರು ಭಾಷೆ ಬರೆಯುವ ಜನ. ಕೈಯಲ್ಲಿಲ್ಲದ ಅಕ್ಷರ ಬಂದಾಗ ಮಿಕ್ಕ ಸಾಫ್ಟ್‌ವೇರುಗಳು ಒಂದು ಖಾಲಿ ಡಬ್ಬಿ ತೋರಿಸಿ ಕೈತೊಳೆದುಕೊಳ್ಳುತ್ತಿದ್ದವು. ಗೋನಾಳ ಮಾಸ್ತರರು ಹಾಗೆ ಬಿಡಲಿಲ್ಲ. ನಿಮ್ಮಲ್ಲಿಲ್ಲದ ಅಕ್ಷರವನ್ನು ಪಾಟಿ ನೀವು ಹೆಸರಿಸಿದವರ ಕೈಯಿಂದ ತರುತ್ತಿತ್ತು. ಮೊದಲು ಮನೆಯವರು, ಆಮೇಲೆ ನೆರೆಯವರು, ಅಲ್ಲೂ ಸಿಗದಿದ್ದರೆ ಕೊನೆಗೆ ಹಲವರ ಅಕ್ಷರ ಕೂಡಿಸಿ ಹೊಲಿದ 'ಊರ ಕೈ'. ಇದಕ್ಕೆ ಮಾಸ್ತರರು ಇಟ್ಟ ಹೆಸರು ಕೈಗಡ. ಪತ್ರವಿಲ್ಲದೆ, ಬಡ್ಡಿಯಿಲ್ಲದೆ, ಮುಖ ನೋಡಿ ಕೊಡುವ ಸಾಲಕ್ಕೆ ಏನು ಹೆಸರೋ ಅದೇ.

ಹೀಗಾಗಿ ಕಿರಾಣಿ ಅಂಗಡಿಯವನ ಕನ್ನಡ ಅವನ ಕೈಯಲ್ಲಿ, ನಡುವೆ ಬಂದ ಉರ್ದು ಪಕ್ಕದ ಮನೆಯ ಮೆಹಬೂಬಿಯ ಕೈಯಲ್ಲಿ, ಮರಾಠಿ ಮಾತು ಮೀರಜಿನ ಸೋದರತ್ತೆಯ ಕೈಯಲ್ಲಿ ಬರುತ್ತಿತ್ತು. ಸೊಸೆಯ ಕೈಗಡದಲ್ಲಿ ಹೆತ್ತವಳು ಮೊದಲೋ ಅತ್ತೆ ಮೊದಲೋ ಎಂದು ಬೀಗರು ಮಾತು ಬಿಟ್ಟದ್ದುಂಟು. ಹೆಂಡತಿಯಿಂದ ಬಿಡುಗಡೆ ಬೇಡಿದ ವಕೀಲರೊಬ್ಬರು ತಮ್ಮ ಕೈಗಡದ ಸಾಲಿನಿಂದ ಅವಳ ಹೆಸರು ತೆಗೆಯಲು ಮರೆತು, ಅವಳ ವಿರುದ್ಧದ ಅರ್ಜಿಯಲ್ಲಿ ಠ ಬಂದಲ್ಲೆಲ್ಲ ಅವಳದೇ ದುಂಡು ಅಕ್ಷರ ಬಂದು ಊರು ನಕ್ಕಿತ್ತು. ಆಮೇಲೆ ಅವರಿಬ್ಬರೂ ಒಂದಾದರು ಎನ್ನುವವರಿದ್ದಾರೆ. ನಿಜವೋ ಸುಳ್ಳೋ ಯಾರಿಗೂ ಗೊತ್ತಿಲ್ಲ.

ಈ ಕೈಗಡದ ಕೆಲಸವನ್ನು ನೋಡಿಕೊಳ್ಳುತ್ತಿದ್ದವಳು ದಾನೇಶ್ವರಿ. ಮಾಸ್ತರರ ಜೊತೆ ಮೊದಲಿನಿಂದ ಇದ್ದವರಲ್ಲಿ ಉಳಿದವಳು ಅವಳೊಬ್ಬಳೇ. ಮಾಸ್ತರರು ತೀರಿಕೊಂಡ ಮೇಲೆ ಪಾಟಿಯ ಹೊಣೆ ಪ್ರಹ್ಲಾದ ಕಟ್ಟಿಯ ಮೇಲೆ ಬಿದ್ದಿತ್ತು. ಪ್ರಹ್ಲಾದ ವಯಸ್ಸಿನಲ್ಲಿ ಅವಳಿಗಿಂತ ಬಹಳ ಚಿಕ್ಕವನು, ಕೆಟ್ಟವನಲ್ಲ. ಸಾಫ್ಟ್‌ವೇರು ಹಗುರಾಗಿರಬೇಕು ಎಂಬುದೊಂದೇ ಅವನ ವ್ರತ. ಅವನ ಮೇಜಿನ ಮೇಲೆ ನೀರಿನ ಲೋಟ ಬಿಟ್ಟರೆ ಇನ್ನೇನೂ ಇರುತ್ತಿರಲಿಲ್ಲ, ಕುಡಿದ ಮೇಲೆ ಅದನ್ನೂ ಎತ್ತಿ ಒಳಗಿಡುತ್ತಿದ್ದ.

ಶ್ರಾವಣದ ಒಂದು ಬೆಳಿಗ್ಗೆ ಅವನು ಅವಳನ್ನು ಕರೆದು ಕೂರಿಸಿಕೊಂಡ.

"ಅಕ್ಕಾರ, ಹೊಸ ಪಾಟಿ ದಸರಾಕ್ಕ ಬಿಡೂಣು. ಅಷ್ಟರಾಗ ಊರ ಕೈ ಒಂದಿಷ್ಟು ಸವರಿಬಿಡ್ರಿ. ಯಾರೂ ಬಳಸದ ಅಕ್ಷರ ಹೊತ್ಕೊಂಡು ಯಾಕ ತಿರಗಬೇಕು?"

"ಯಾವ್ಯಾವು?"

"ೠ ಹೋಗಲಿ. ಌ ಹೋಗಲಿ. ಙ ಹೋಗಲಿ."

ದಾನೇಶ್ವರಿ ಸೆರಗನ್ನು ಹೆಗಲ ಮೇಲೆ ಸರಿಮಾಡಿಕೊಂಡಳು. ಸೆರಗು ಸರಿಯಾಗಿಯೇ ಇತ್ತು.

"ಙ ಯಾಕ್ರಿ?"

"ಅದು ಆಟಕ್ಕುಂಟು ಲೆಕ್ಕಕ್ಕಿಲ್ಲ ಅಲ್ರಿ. ವರ್ಣಮಾಲ್ಯಾಗ ಐತಿ, ಒಂದು ಶಬ್ದದಾಗ ಇಲ್ಲ. ಬಳಸಿದವ್ರ ಲೆಕ್ಕ ತಗದು ನೋಡೀನಿ, ಇಲ್ಲ ಅನ್ನೂವಷ್ಟು. ಮ್ಯಾಲ ಭಾಳ ನಿಧಾನ. ಅರ್ಧಾ ಬರದು ನಿಂತುಬಿಡತೈತಿ, ಆಮ್ಯಾಲ ಮುಂದ ಹೋಗತೈತಿ. ಯಾರು ಬರದಾರೋ ಏನೋ."

"ತಗದ್ರ ಅಲ್ಲಿ ಏನು ಕಾಣಸತೈತಿ?"

"ಡಬ್ಬಿ. ಮತ್ತೇನು?"

ಅವಳು ಆಯಿತೆಂದೂ ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ "ನೋಡೂಣ್ರಿ" ಎಂದು ಎದ್ದು ಬಂದಳು.

ಯಾರು ಬರೆದಿದ್ದಾರೆಂದು ಅವಳಿಗೆ ಗೊತ್ತಿತ್ತು. ಆ ಙ ಬರೆದವಳು ಅವಳ ಮಗಳು ತುಂಗಾ. ಬರೆದಾಗ ಅವಳಿಗೆ ಇನ್ನೂ ಆರು ತುಂಬಿರಲಿಲ್ಲ.

ಆಗಿನ್ನೂ ಊರ ಕೈ ಕಟ್ಟುತ್ತಿದ್ದ ದಿನಗಳು. ದೊಡ್ಡವರು ಕೊಟ್ಟ ಪುಟಗಳನ್ನೆಲ್ಲ ಜಾಲಾಡಿದರೂ ಙ ಸಿಕ್ಕಿರಲಿಲ್ಲ. ಯಾವ ದೊಡ್ಡವರು ಬರೆಯುತ್ತಾರೆ ಅದನ್ನು? ಶಾಲೆಗೆ ರಜೆ ಇದ್ದದ್ದರಿಂದ ದಾನೇಶ್ವರಿ ಮಗಳನ್ನು ಮಾಳಿಗೆಗೆ ಕರೆತಂದಿದ್ದಳು. ಹುಡುಗಿ ಆಗಷ್ಟೇ ಕ-ವರ್ಗ ಕಲಿಯುತ್ತಿದ್ದಳು. ಗೋನಾಳ ಮಾಸ್ತರರು ಗಾಜನ್ನು ಅವಳ ಮುಂದೆ ಇಟ್ಟು, "ಬರಿ ನಮ್ಮವ್ವ, ನಿನ್ನ ಬಿಟ್ರ ಈ ಆಫೀಸಿನ್ಯಾಗ ಯಾರಿಗೂ ಬರಂಗಿಲ್ಲ" ಎಂದರು.

ತುಂಗಾ ಕ ಬರೆದಳು, ಖ ಬರೆದಳು, ಗ, ಘ ಬರೆದಳು. ಐದನೆಯದಕ್ಕೆ ಬಂದಾಗ ಅಂಕಲಿಪಿಯ ಕಡೆ ಬೆರಳು ಮಾಡಿದಳು. ಅಲ್ಲಿ ಕ ಪಕ್ಕದಲ್ಲಿ ಕಮಲ, ಗ ಪಕ್ಕದಲ್ಲಿ ಗಡಿಯಾರ, ಘ ಪಕ್ಕದಲ್ಲಿ ಘಂಟೆ. ಙ ಪಕ್ಕದಲ್ಲಿ ಖಾಲಿ.

"ಯವ್ವಾ, ಇದಕ್ಕ ಚಿತ್ರಾನ ಇಲ್ಲಲ್ಲ. ಇದು ಯಾವ ಶಬ್ದದಾಗ ಬರತೈತಿ?"

"ಯಾವುದರಾಗೂ ಬರೂದಿಲ್ಲವ್ವ. ಸುಮ್ಮನ ಕಲೀಬೇಕು, ಅಷ್ಟ."

"ಪಾಪ," ಎಂದಳು ತುಂಗಾ. ಸ್ವಲ್ಪ ಯೋಚಿಸಿ, "ಬೆಕ್ಕಿಂದು ಇರಬೇಕು. ಬೆಕ್ಕು ಙ್ಯಾಂವ್ ಅಂತೈತಿ" ಎಂದಳು.

ಆಮೇಲೆ ಬರೆದಳು. ಅರ್ಧ ಬರೆದು ನಿಲ್ಲಿಸಿ, ಸರಿಯಾಯಿತೇ ಎಂದು ತಲೆ ಎತ್ತಿ ತಾಯಿಯ ಮುಖ ನೋಡಿದಳು. ದಾನೇಶ್ವರಿ ಹೂಂ ಎಂದು ತಲೆ ಆಡಿಸಿದಳು. ಹುಡುಗಿ ಮತ್ತೆ ಬಗ್ಗಿ, ಬಾಲವನ್ನು ಬೇಕಾದ್ದಕ್ಕಿಂತ ಒಂದು ಸುತ್ತು ಹೆಚ್ಚಿಗೆ ಸುತ್ತಿ, ಅಕ್ಷರ ಮುಗಿಸಿದಳು. ಬೆಕ್ಕು ಬಾಲ ಸುತ್ತಿಕೊಂಡು ಕೂತಹಾಗೆ ಅದು ಕೂತಿತು.

ಮುಂದಿನ ಮಳೆಗಾಲದಲ್ಲಿ ತುಂಗಾಳಿಗೆ ಮೆದುಳು ಜ್ವರ ಬಂತು. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೂ ಒಯ್ದರು. ಉಳಿಯಲಿಲ್ಲ.

ಶಾಲೆಯಲ್ಲಿ ಬರೆದದ್ದೆಲ್ಲ ಗಾಜಿನ ಹಲಗೆಯಿಂದ ಅಂದಂದೇ ಒರೆಸಿಹೋಗಿತ್ತು. ಕೈ ಕಟ್ಟಿದ ಮೇಲೆ ಮೂಲ ಪುಟವನ್ನು ಇಟ್ಟುಕೊಳ್ಳಬಾರದು, ಅದು ಜನರ ಸ್ವಂತದ್ದು, ಎಂಬುದು ಮಾಸ್ತರರ ನೇಮ. ಹಾಗಾಗಿ ಆ ದಿನ ಬರೆದ ಪುಟವೂ ಇರಲಿಲ್ಲ. ಕ, ಖ, ಗ, ಘ ದೊಡ್ಡವರ ಪುಟಗಳಿಂದ ಮೊದಲೇ ಸಿಕ್ಕಿದ್ದವು, ಅವಳವು ಬೇಕಾಗಿರಲಿಲ್ಲ. ಅವಳ ಕೈಯೆಂದು ಈ ಲೋಕದಲ್ಲಿ ಉಳಿದದ್ದು ಙ ಒಂದೇ.

ಫೋಟೋಗಳಿಗೆ ಬರವಿರಲಿಲ್ಲ. ಆದರೆ ಫೋಟೋ ಆಗಿಹೋದ ಹೊತ್ತಿನದು. ಙ ಮಾತ್ರ ಒತ್ತಿದಾಗಲೆಲ್ಲ ಈಗಲೇ ನಡೆಯುತ್ತಿತ್ತು. ದಿನಾ ಬೆಳಿಗ್ಗೆ ಆಫೀಸಿಗೆ ಬಂದು ಕೂತ ಕೂಡಲೇ ದಾನೇಶ್ವರಿ ಆ ಕೀಲಿಯನ್ನು ಒಂದು ಸಲ ಒತ್ತುತ್ತಿದ್ದಳು. ಗೆರೆ ಹೊರಡುತ್ತಿತ್ತು, ಅರ್ಧಕ್ಕೆ ಬಂದು ನಿಲ್ಲುತ್ತಿತ್ತು. ಆ ನಿಲುಗಡೆಯಲ್ಲಿ ಮಗಳು ತಲೆ ಎತ್ತಿ ತನ್ನ ಮುಖ ನೋಡುತ್ತಿದ್ದಾಳೆಂದು ಅವಳಿಗೆ ಗೊತ್ತು. ಅವಳು ಹೂಂ ಎಂದು ತಲೆ ಆಡಿಸುತ್ತಿದ್ದಳು, ಗೆರೆ ಮುಂದಕ್ಕೆ ಹೋಗುತ್ತಿತ್ತು. ಆಚೀಚೆ ಕೂತವರು ಅಕ್ಕಾರಿಗೆ ಕುತ್ತಿಗೆ ನೋವು, ವ್ಯಾಯಾಮ ಮಾಡುತ್ತಾರೆ ಎಂದುಕೊಂಡಿದ್ದರು.

ಆಫೀಸಿನವರು ಒತ್ತಿದ್ದು ಬಳಕೆಯ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ಪಾಟಿ ಮಾತ್ರ ಆಗೊಮ್ಮೆ ಈಗೊಮ್ಮೆ ಅವಳನ್ನು ವಿನಯದಿಂದ ಕೇಳುತ್ತಿತ್ತು: ನಿಮ್ಮ ಕೈಯಲ್ಲಿ ಒಂದು ಅಕ್ಷರ ಕಡಿಮೆ ಇದೆ, ಬರೆದುಕೊಡುತ್ತೀರಾ? ತನ್ನದೇ ಙ ಬರೆದುಕೊಟ್ಟರೆ ಆಮೇಲೆ ಕೈಗಡ ಬೇಕಾಗುವುದಿಲ್ಲ. ಮಗಳು ಬರುವುದು ನಿಲ್ಲುತ್ತದೆ. ಅವಳು ಪ್ರತಿ ಸಲವೂ 'ಈಗ ಬೇಡ' ಎಂದೇ ಒತ್ತುತ್ತಿದ್ದಳು.

ಪ್ರಹ್ಲಾದನಿಗೆ ಇದ್ದದ್ದು ಇದ್ದಹಾಗೆ ಹೇಳಿಬಿಟ್ಟರೆ ಆಗುತ್ತಿತ್ತು. ಪಾಪದ ಹುಡುಗ, ಕಣ್ಣೀರು ಹಾಕಿ, "ನಿಮ್ಮ ಯಂತ್ರದಾಗ ಒಂದು ಪ್ರತಿ ಇಟ್ಕೊಳ್ರಿ ಅಕ್ಕಾರ" ಎನ್ನುತ್ತಿದ್ದ. ಅವಳಿಗೆ ಬೇಡವಾದದ್ದೇ ಅದು. ತನ್ನೊಬ್ಬಳ ಬಳಿ ಇಟ್ಟುಕೊಂಡರೆ ಅದೂ ಗೋಡೆಯ ಮೇಲೆ ಹಾರ ಹಾಕಿದ ಇನ್ನೊಂದು ಫೋಟೋ ಆಗುತ್ತದೆ. ಊರ ಕೈಯಲ್ಲಿದ್ದರೆ ಹಾಗಲ್ಲ. ಯಾರೋ ಎಲ್ಲೋ ಯಾವತ್ತೋ ಙ ಬರೆದರೆ ತುಂಗಾ ಅವರ ಪುಟದ ಮೇಲೆ ಬಂದು, ನಿಂತು, ಮುಖ ನೋಡಿ, ಬಾಲ ಸುತ್ತಿ ಕೂರುತ್ತಾಳೆ. ಮಗಳು ನಾಲ್ಕು ಜನರ ನಡುವೆ ಓಡಾಡಿಕೊಂಡಿರಲಿ ಎಂಬ ಆಸೆ ಅವಳದು. ಯಾವ ತಾಯಿಗೆ ಇರುವುದಿಲ್ಲ?

ಆದರೆ ಯಾರೂ ಬರೆಯುತ್ತಿರಲಿಲ್ಲ. ಅಲ್ಲಿಗೆ ಪ್ರಹ್ಲಾದನ ಮಾತೂ ಸುಳ್ಳಲ್ಲ.

ಅವಳ ಗಂಡ ಚನವೀರ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದ. ಇಬ್ಬರೂ ಜಗಳವಾಡುವವರಲ್ಲ. ಜಗಳಕ್ಕೂ ಒಂದಿಷ್ಟು ಮಾತು ಬೇಕು. ಮಗಳು ಹೋದ ಮೇಲೆ ಆ ಮನೆಯಲ್ಲಿ ಅವಳ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಬೇಕಾಗಿ ಬಂದರೆ 'ಆಗ' ಎನ್ನುತ್ತಿದ್ದರು, 'ಆ ವರ್ಷ' ಎನ್ನುತ್ತಿದ್ದರು. ಹೆಸರು ಹೇಳಿದರೆ ಇನ್ನೊಬ್ಬರು ಮುರಿದುಬಿದ್ದಾರು ಎಂದು ಇಬ್ಬರಿಗೂ ಅಂಜಿಕೆ. ಹೀಗೆ ಒಬ್ಬರನ್ನೊಬ್ಬರು ಕಾಪಾಡುತ್ತ ಕಾಪಾಡುತ್ತ ದೂರವಾಗಿದ್ದರು.

ಆ ಸಂಜೆ ಅವಳು ರೊಟ್ಟಿ ಬಡಿಯುತ್ತಿದ್ದಳು. ಚನವೀರ ಪಡಸಾಲೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದವನು ಅಲ್ಲಿಂದಲೇ ಹೇಳಿದ.

"ನಿಮ್ಮ ಪಾಟ್ಯಾಗ ಒಂದು ತಪ್ಪೈತಿ. ಭಾಳ ದಿನ ಆತು ಹೇಳಬೇಕಂತ."

"ಏನ್ರೀ?"

"ಒತ್ತಕ್ಷರ ಒಡೀತಾವು. ಬಂದು ನೋಡು."

ಹಿಟ್ಟಿನ ಕೈಯಲ್ಲೇ ಬಂದು ನೋಡಿದಳು. ಗಂಡನ ನೆಟ್ಟನೆಯ, ಮಾಸ್ತರಿಕೆಯ ಕೈಬರಹ. ನಡುನಡುವೆ ಏನೋ ಒಡೆದು ಬಿದ್ದ ಹಾಗಿತ್ತು. ಅಙ್‌ಗಳ. ಅಙ್‌ಗಡಿ. ತೆಙ್‌ಗು. ಕೊಙ್‌ಕಣಿ. ಗಂಡನ ಅಕ್ಷರಗಳ ಮಧ್ಯೆ ಅಲ್ಲೊಂದು ಇಲ್ಲೊಂದು ಮಗಳ ಙ ಕೂತಿತ್ತು, ತಲೆಯ ಮೇಲೆ ಒಂದು ಕೊಕ್ಕೆ ಹೊತ್ತುಕೊಂಡು. ಪಕ್ಕದ ಗ ಅದಕ್ಕೆ ಅಂಟದೆ ದೂರ ನಿಂತಿತ್ತು.

"ಇದೇನ್ರೀ, ಹಿಂಗ್ಯಾಕ ಬರದೀರಿ? ಅಂಗಳಕ್ಕ ಸೊನ್ನಿ ಅಲ್ಲೇನು?"

"ಸೊನ್ನಿ ಅಂದ್ರ ಒಂದು ಮುಸುಕು. ಎಲ್ಲಾ ಮೂಗಿನ ಅಕ್ಷರಕ್ಕೂ ಒಂದ ಮುಸುಕು ಹಾಕಿ ಕುಂದ್ರಸೇವಿ. ಕ ಖ ಗ ಘ ಮುಂದ ಬಂತಂದ್ರ ಆ ಸೊನ್ನಿ ಒಳಗ ಇರೂದು ಙ. ಹಿಂದಿನವ್ರು ಬಿಚ್ಚಿ ಬರೀತಿದ್ರು. ಹುಡುಗರಿಗೆ ತೋರಸಬೇಕಾಗಿತ್ತು."

ಅವಳು ಪುಟವನ್ನು ಕೆಳಗೆ ಸರಿಸಿದಳು. ಇನ್ನೂ ಸರಿಸಿದಳು. ಪುಟ ಮುಗಿಯಲೇ ಇಲ್ಲ. ಬೆಙ್‌ಗಳೂರು, ತಿಙ್‌ಗಳು, ನುಙ್‌ಗು, ಹೆಙ್‌ಗಸು. ಅದು ಪಾಠವಲ್ಲ, ಕಥೆಯಲ್ಲ. ಙ ಬರುವ ಶಬ್ದ ಬಿಟ್ಟರೆ ಅದರಲ್ಲಿ ಬೇರೇನೂ ಇರಲಿಲ್ಲ.

"ಹುಡುಗರಿಗೆ ಇಷ್ಟು ಬೇಕೇನ್ರೀ?"

ಚನವೀರ ಕಿಟಕಿಯ ಕಡೆ ಮುಖ ಮಾಡಿದ. "ನಿನಗಷ್ಟ ಗುರ್ತು ಸಿಗತೈತೇನು? ಅರ್ಧಕ್ಕ ನಿಂತು ನೋಡತೈತಿ ಅದು. ಮೊದಲನೇ ಸಲ ಒತ್ತಿದಾಗ ನನಗ ತಿಳೀತು. ಹಂಗ ನಿಂತು ನೋಡೂದು ಅಕಿ ಒಬ್ಬಾಕಿನ."

ದಾನೇಶ್ವರಿ ಅಲ್ಲೇ ನೆಲದ ಮೇಲೆ ಕೂತಳು.

"ಆವತ್ತ ನಾ ಅಲ್ಲಿರಲಿಲ್ಲ," ಎಂದ ಅವನು. "ಅಕಿ ನೋಡಿದ್ದು ನಿನ್ನ ಮುಖ. ನನಗ ಗೊತ್ತೈತಿ. ಆದ್ರೂ ನನ್ನ ನೋಡಿದ್ಲು ಅಂತ ಅನಕೋತೀನಿ. ಅನಕೊಂಡ್ರ ಏನು ಹೋತು."

ಒಲೆಯ ಮೇಲಿನ ರೊಟ್ಟಿ ಹೊತ್ತುವ ವಾಸನೆ ಬಂತು. ಇಬ್ಬರೂ ಏಳಲಿಲ್ಲ.

"ಅಕಿ ಹೆಸರೂ ಒಮ್ಮೆ ಬರದೆ," ಎಂದ ಚನವೀರ ಸಣ್ಣ ದನಿಯಲ್ಲಿ. "ಅದರಾಗೂ ಐತಲ್ಲ ಙ. ಒಡದು ಎರಡಾತು. ನೋಡಾಕ ಆಗಲಿಲ್ಲ. ಅಳಿಸಿಬಿಟ್ಟೆ."

ದಾನೇಶ್ವರಿ ಮನಸ್ಸಿನಲ್ಲೇ ಹೆಸರನ್ನು ಬಿಡಿಸಿದಳು. ತು, ಸೊನ್ನೆ, ಗಾ. ಸೊನ್ನೆಯ ಮುಸುಕು ತೆಗೆದಳು. ಇದು ಯಾವ ಶಬ್ದದಾಗ ಬರತೈತಿ ಎಂದು ಹುಡುಗಿ ಕೇಳಿದ್ದಳು. ಯಾವುದರಾಗೂ ಇಲ್ಲ ಎಂದು ತಾನು ಹೇಳಿದ್ದಳು. ಅದು ಅವಳ ಹೆಸರಿನ ನಟ್ಟನಡುವೆ ಕೂತಿತ್ತು. ದಿನಕ್ಕೆ ಹತ್ತು ಸಲ ಹೊಸಲಲ್ಲಿ ನಿಂತು ಕೂಗಿ ಕರೆಯುತ್ತಿದ್ದ ಹೆಸರು.

ಅವಳು ಅತ್ತಳು. ಗಂಡನ ಎದುರಿಗೆ ಬಾಯಿಬಿಟ್ಟು ಅತ್ತದ್ದು ಎಷ್ಟೋ ವರ್ಷಗಳ ಮೇಲೆ ಅದೇ ಮೊದಲು. ಚನವೀರ ಪಕ್ಕದಲ್ಲಿ ಬಂದು ಕೂತು, "ತುಂಗಾ" ಎಂದ. ಯಾರೂ ಮುರಿದುಬೀಳಲಿಲ್ಲ. ರೊಟ್ಟಿ ಒಂದು ಮಾತ್ರ ಕರಕಲಾಯಿತು.

ಮರುದಿನ ದಾನೇಶ್ವರಿ ಆಫೀಸಿಗೆ ಹೋದವಳು ಒತ್ತಕ್ಷರದ ನಿಯಮವನ್ನು ತೆಗೆದು ಮುಂದಿಟ್ಟುಕೊಂಡಳು. ಒಂದು ಒತ್ತಕ್ಷರವನ್ನು ಒಂದೇ ಕೈ ಬರೆಯಬೇಕು ಎಂಬುದು ಪಾಟಿಯಲ್ಲಿ ಮೊದಲಿನಿಂದ ಇದ್ದ ಕಟ್ಟು. ಮೇಲಿನ ಅಕ್ಷರ ಯಾರದೋ ಅವರದೇ ಒತ್ತು ಕೆಳಗೆ ಬರಬೇಕು. ಅವರಲ್ಲಿ ಒತ್ತು ಇಲ್ಲದಿದ್ದರೆ ಎರಡೂ ಇರುವ ಇನ್ನೊಬ್ಬರನ್ನು ಹುಡುಕಿ ಇಡೀ ಅಕ್ಷರವನ್ನು ಅವರಿಂದಲೇ ತರಬೇಕು. ಅಂಥವರೂ ಸಿಗದಿದ್ದರೆ ಒಡೆದು ಪಕ್ಕಪಕ್ಕ ನಿಲ್ಲಿಸಬೇಕು. ಙ ಇದ್ದದ್ದು ತುಂಗಾಳ ಬಳಿ ಮಾತ್ರ. ತುಂಗಾಳ ಬಳಿ ಒತ್ತು ಇರಲಿಲ್ಲ. ಒತ್ತಕ್ಷರದ ಪಾಠಕ್ಕೆ ಅವಳು ಬಂದೇ ಇರಲಿಲ್ಲವಲ್ಲ.

ಎರಡು ಕೈ ಕೂಡಿಸಲು ಮಾಸ್ತರರೂ ಒಮ್ಮೆ ಹೆಣಗಿ ಕೈಬಿಟ್ಟಿದ್ದರು. ಪ್ರತಿ ಕೈಗೂ ಅದರದೇ ನಡಿಗೆ. ಮೇಲಿನವರು ಮುಗಿಸುವ ಮೊದಲೇ ಕೆಳಗಿನವರು ನುಗ್ಗಿ, ಗೆರೆ ಗೆರೆಗೆ ಬಡಿದು, ಅಕ್ಷರ ಸಿಕ್ಕು ಸಿಕ್ಕಾಗುತ್ತಿತ್ತು. ದಾನೇಶ್ವರಿಗೂ ಮೊದಮೊದಲು ಹಾಗೆಯೇ ಆಯಿತು. ಮಗಳ ಙ ಅರ್ಧಕ್ಕೆ ನಿಂತ ಕೂಡಲೇ, ಮುಗಿಯಿತೆಂದು ತಿಳಿದು, ಅವಳ ಒತ್ತು ಹಾರಿ ಬಂದು ಅಡ್ಡ ಬೀಳುತ್ತಿತ್ತು. ತನ್ನದೇ ಅವಸರವನ್ನು ತೆರೆಯ ಮೇಲೆ ನೋಡಿ ಅವಳಿಗೆ ನಾಚಿಕೆಯಾಯಿತು. ಎಷ್ಟೋ ಸಲ ಎಷ್ಟೋ ಬಗೆಯಲ್ಲಿ ತಿದ್ದಿದ ಮೇಲೆ ಹೊಳೆದದ್ದು ಬಹಳ ಸರಳವಾದ ಮಾತು. ಮೇಲಿನ ಕೈ ನಿಂತರೆ ಮುಗಿಸಿತೆಂದು ಅರ್ಥವಲ್ಲ. ಅದು ಕೊನೆಯ ಗೆರೆ ಎಳೆಯುವ ತನಕ ಕೆಳಗಿನ ಕೈ ಕಾಯಬೇಕು.

ಅದನ್ನು ಬರೆದು ಮುಗಿಸಿ ಪ್ರಹ್ಲಾದನನ್ನು ಕರೆದಳು.

"ಎಷ್ಟು ಭಾರ ಆತು?" ಎಂದು ಅವನು ಮೊದಲು ಕೇಳಿದ.

"ಸ್ವಲ್ಪ ಆಗೈತಿ."

"ಯಾರಿಗೆ ಬೇಕಾಗೈತ್ರಿ ಅಕ್ಕಾರ ಇದು?"

"ನಿಮಗ. ಜ್ಞಾಪಕ ಅಂತ ಬರೀರಿ."

ಪ್ರಹ್ಲಾದ ಅವಸರದಲ್ಲಿ ಕೈ ಕೊಟ್ಟವನು. ಅವನ ಪುಟದಲ್ಲಿ ಜ ಇತ್ತು, ಞ ಒತ್ತು ಇರಲಿಲ್ಲ. ಅವನ ಕೈಗಡದಲ್ಲಿ ಮೊದಲಿದ್ದವರು ಅವನನ್ನು ಸಾಕಿದ ಅಜ್ಜ. ಅವರೂ ಈಗಿಲ್ಲ. ಇಷ್ಟು ದಿನ ಜ್ಞಾ ಬಂದಾಗ ಇಡೀ ಅಕ್ಷರ ಅಜ್ಜನದೇ ಬರುತ್ತಿತ್ತು. ಅಜ್ಜ ಬಂದರೆ ಅವನಿರುತ್ತಿರಲಿಲ್ಲ, ಅವನಿದ್ದಲ್ಲಿ ಅಜ್ಜ ಇರುತ್ತಿರಲಿಲ್ಲ. ಈಗ ಅವನ ಓಡುವ ಜ ಮೂಡಿತು. ಅದು ಮುಗಿಯುವ ತನಕ ಏನೂ ಆಗಲಿಲ್ಲ. ಆಮೇಲೆ ಅದರ ಬುಡದಲ್ಲಿ ಅಜ್ಜನ ನಡುಗುವ ಕೈ ಬಂದು, ಸಾವಕಾಶವಾಗಿ, ಪುಟ್ಟದೊಂದು ಞ ಇಟ್ಟಿತು.

ಪ್ರಹ್ಲಾದ ಅದನ್ನು ಅಳಿಸಿ ಮತ್ತೆ ಬರೆದ. ಜ್ಞಾನ ಬರೆದ, ಆಜ್ಞೆ ಬರೆದ, ವಿಜ್ಞಾನ ಬರೆದ. ಮೇಜಿನ ಮೇಲಿನ ಲೋಟವನ್ನು ಎತ್ತಿಡುವುದು ಆ ದಿನ ಅವನಿಗೆ ಮರೆತುಹೋಯಿತು.

"ಙ ವಿಚಾರ," ಎಂದಳು ದಾನೇಶ್ವರಿ.

"ಅದು ಯಾವ ಶಬ್ದದಾಗೂ ಇಲ್ಲಲ್ರಿ."

"ಗದಗಿನ ಅರ್ಧ ಜನರ ಹೆಸರಿನ್ಯಾಗ ಐತಿ. ಸಂಗಪ್ಪನ ಸೊನ್ನಿ ಬಿಚ್ಚಿ ನೋಡ್ರಿ. ಲಿಂಗರಾಜಂದು ನೋಡ್ರಿ, ಗಂಗವ್ವಂದು ನೋಡ್ರಿ. ನಮ್ಮ ಮಾಸ್ತರು ಬಸಲಿಂಗಪ್ಪನವರ ಹೆಸರಿನ್ಯಾಗೂ ಅದ ಕುಂತೈತಿ. ಬರದ್ರ ಒಡೀತಿತ್ತು, ಅದಕ್ಕ ಯಾರೂ ಬರೀತಿರಲಿಲ್ಲ. ಈಗ ಒಡ್ಯಂಗಿಲ್ಲ."

"ಬರೀತಾರಂತೀರಿ?"

"ಬರಿಯೋರು ಬರೀಲಿ. ಇಲ್ಲದ್ದು ಬ್ಯಾರೆ, ಮುಸುಕಿನ್ಯಾಗ ಇದ್ದದ್ದು ಬ್ಯಾರೆ."

ಪ್ರಹ್ಲಾದ ತೆರೆಯ ಮೇಲಿನ ಅಜ್ಜನ ಒತ್ತನ್ನೇ ನೋಡುತ್ತ, "ಇರಲಿ ಬಿಡ್ರಿ, ಙ ಇರಲಿ" ಎಂದ. ಅವಳು ಬಾಗಿಲ ತನಕ ಹೋದ ಮೇಲೆ ಕರೆದು, "ಆದ್ರ ಅಕ್ಕಾರ, ಅರ್ಧಕ್ಕ ನಿಲ್ಲತೈತಲ್ಲ, ಆ ದೋಷ ಒಂದು ಸರಿ ಮಾಡ್ರಿ" ಎಂದ.

"ಅದು ದೋಷ ಅಲ್ರಿ."

"ಮತ್ತೇನು?"

ಹೇಳಿಬಿಡಬೇಕೆಂದು ನಾಲಿಗೆಯ ತುದಿಯ ತನಕ ಬಂತು. "ಅದು ಯಾರನ್ನೋ ಕೇಳತೈತಿ," ಎಂದಳು. "ಹೂಂ ಅಂದ ಮ್ಯಾಲ ಮುಂದ ಹೋಗತೈತಿ."

ಪ್ರಹ್ಲಾದ ಅವಳ ಮುಖವನ್ನು ಒಂದು ಗಳಿಗೆ ನೋಡಿದ. "ಹಂಗಾರ ಇರಲಿ ಬಿಡ್ರಿ" ಎಂದ.

ಹೊಸ ಪಾಟಿಯನ್ನು ದಾನೇಶ್ವರಿ ಮೊದಲು ಹಾಕಿದ್ದು ತನ್ನ ಮನೆಯ ಕಂಪ್ಯೂಟರಿಗೆ. ಚನವೀರ ಶಾಲೆಯಿಂದ ಬಂದು ಕೈಕಾಲು ತೊಳೆದು ಬಂದ. ಅವನಿಗೆಂದು ಕುರ್ಚಿ ಎಳೆದು ಪಕ್ಕದಲ್ಲಿ ಹಾಕಿದಳು.

"ನಾಳಿ ವರ್ಗದಾಗ ಎಲ್ಲಾರ ಹೆಸರಿನ ಸೊನ್ನಿ ಬಿಚ್ಚಸ್ತೀನಿ," ಎಂದ ಅವನು. "ನಾಕು ಮಂದಿ ಸಂಗಮೇಶ ಅದಾರ, ಮಂಗಳಾ ಅದಾಳ, ಶಿವಲಿಂಗ ಅದಾನ. ಎಲ್ಲಾರ ಪುಟದಾಗೂ ಹೋಗಿ ಕುಂದರಲಿ ಅಕಿ."

"ಮೊದಲ ಇದು ಆಗಲಿ ತಡೀರಿ."

"ನೀನ ಬರಿ. ಒತ್ತು ನಿಂದ ಇರಲಿ."

ಅವಳು ಕೀಲಿಗಳನ್ನು ಒಂದೊಂದಾಗಿ ಒತ್ತಿ ಕೈ ಹಿಂದಕ್ಕೆ ತೆಗೆದಳು. ಮೊದಲು ತು ಮೂಡಿತು, ಅವಳದೇ ಕೈಯಲ್ಲಿ, ಅವಳಿಗೆ ಎಂದೂ ಇದ್ದ ಅವಸರದಲ್ಲಿ. ಆಮೇಲೆ ಸಣ್ಣ ಕೈಯೊಂದರ ಗೆರೆ ಹೊರಟಿತು, ಸೊಟ್ಟಗೆ, ಬೇಕಾದ್ದಕ್ಕಿಂತ ದೊಡ್ಡದಾಗಿ. ಅರ್ಧಕ್ಕೆ ಬಂದು ನಿಂತಿತು. ಕೆಳಗೆ ತಾಯಿಯ ಒತ್ತು ಬರಬೇಕಾದ ಜಾಗ ಖಾಲಿ ಇತ್ತು. ಯಾರೂ ನುಗ್ಗಲಿಲ್ಲ.

ದಾನೇಶ್ವರಿ ತೆರೆಗೆ ಮುಖ ಕೊಟ್ಟು, "ನಿನ್ನ ಹೆಸರಿನ್ಯಾಗ ಬರತೈತವ್ವ" ಎಂದಳು. ಚನವೀರ ಪಕ್ಕದಲ್ಲಿ ಹೂಂ ಎಂದು ತಲೆ ಆಡಿಸಿದ.

ಗೆರೆ ಮುಂದಕ್ಕೆ ಹೋಯಿತು, ಒಂದು ಸುತ್ತು ಹೆಚ್ಚಿಗೆ ಸುತ್ತಿ ಮುಗಿಸಿತು. ಆಮೇಲೆ ತಾಯಿಯ ಗ ಬಂದು ಅದರ ಕೆಳಗೆ ಕೂತಿತು. ತುಙ್ಗಾ. ಎಲ್ಲೂ ಒಡೆದಿರಲಿಲ್ಲ. ಇಬ್ಬರೂ ಬಹಳ ಹೊತ್ತು ಅದನ್ನು ನೋಡುತ್ತ ಕೂತರು, ಆಮೇಲೆ ಚನವೀರ ಎದ್ದು ದೀಪ ಹಾಕಿದ.